ಜಟ್ಟಿಂಗಪ್ಪನ ಹನ್ನೊಂದನೇ ಗೂಡು

ಹೊಸನಗರದ ಸೀಮೆಯಲ್ಲಿ ನೆಲದಲ್ಲೊಂದು ತೂತು ಕಂಡರೆ ಅದು ನಾಯಕರ ಕಾಲದ ನಗರ ಕೋಟೆಗೆ ಹೋಗುವ ಸುರಂಗವೆಂದೇ ಲೆಕ್ಕ. ಮುಳ್ಳುಹಂದಿಯ ಬಿಲವಾದರೂ ಸರಿ, ಯಾವಳೋ ರಾಣಿ ಅದರಲ್ಲಿ ತಪ್ಪಿಸಿಕೊಂಡು ಹೋಗಿಯೇ ಇರುತ್ತಾಳೆ. ಹಾಗಾಗಿ ಗುಡ್ಡೇಬೈಲು ಪೇಟೆಯ ನಡುಮಧ್ಯೆ ವಾಣಿಜ್ಯ ಸಂಕೀರ್ಣಕ್ಕೆ ಪಾಯ ತೆಗೆಯುತ್ತಿದ್ದ ಜೆಸಿಬಿಯ ಚಕ್ರ ಧಡಕ್ಕನೆ ಕುಸಿದು, ಕೆಳಗೆ ಆಳೆತ್ತರದ ಕತ್ತಲ ದಾರಿ ಬಾಯಿಬಿಟ್ಟಾಗ ಯಾರಿಗೂ ಅನುಮಾನ ಬರಲಿಲ್ಲ.

ಜಟ್ಟಿಂಗಪ್ಪನಿಗೂ ಬರಲಿಲ್ಲ. ಅವನಿಗೆ ಗುರುತೇ ಸಿಕ್ಕಿತು. ಜೀವಮಾನವೆಲ್ಲ ಬಾವಿ ತೋಡಿ ಬದುಕಿದ ಅವನಿಗೆ ಈಗ ಎಪ್ಪತ್ತೈದು. ಇಪ್ಪತ್ತರ ಹರೆಯದಲ್ಲಿ, ಪೇಟೆಯೇ ಇಲ್ಲದ ಕಾಲದಲ್ಲಿ, ಮ್ಯಾಂಗನೀಸ್ ಅದಿರು ಹುಡುಕಿ ಬಂದ ಕಂಪನಿಯೊಂದಕ್ಕೆ ಇದೇ ಗಣಿ ಕೊರೆದವರಲ್ಲಿ ಅವನೊಬ್ಬ. ಹತ್ತು ಮಾರಿಗೊಂದರಂತೆ ಗೋಡೆಯಲ್ಲಿ ಸೀಮೆಎಣ್ಣೆ ಬುಡ್ಡಿ ಇಡಲು ಗೂಡು ಕೆತ್ತುವುದು ಅವನ ಪಾಲಿನ ಕೆಲಸ. ಹನ್ನೊಂದನೇ ಗೂಡಿನ ಹತ್ತಿರ ಮಣ್ಣು ಉದುರುತ್ತಿತ್ತೆಂದು ಮತ್ತಿಮರದ ಕಂಬ ಕೊಟ್ಟು ನಿಲ್ಲಿಸಿದ್ದರು. ಅದಿರು ಸಿಗದೆ ಕಂಪನಿ ಹೋಯಿತು. ಕಂಬಗಳು ಅಲ್ಲೇ ಉಳಿದವು.

ಜೆಸಿಬಿ ಬಿದ್ದಲ್ಲಿ ಕಂಡದ್ದು ನಾಲ್ಕನೇ ಗೂಡು. ಅಲ್ಲಿಂದ ಜಟ್ಟಿಂಗಪ್ಪ ನೆಲದ ಮೇಲೆ ಎಪ್ಪತ್ತು ಮಾರು ಅಳೆಯುತ್ತ ಹೋದ. ಅಳತೆ ಮುಗಿದದ್ದು ಅಂಗನವಾಡಿಯ ಹೊಸ್ತಿಲಲ್ಲಿ. ಒಳಗೆ ಇಪ್ಪತ್ತೆರಡು ಮಕ್ಕಳು. ಅವರಲ್ಲೊಬ್ಬಳು ಅವನ ಮೊಮ್ಮಗಳು ಲಿಖಿತಾ, ಹಾಡು ಹೇಳುವಾಗ ಎರಡೂ ಕಾಲೆತ್ತಿ ಕುಪ್ಪಳಿಸುವವಳು. ಅವತ್ತೂ ಕುಪ್ಪಳಿಸುತ್ತಿದ್ದಳು. ಒಂದೊಂದು ಕುಪ್ಪಳಿಕೆಗೂ ಅಜ್ಜನ ಎದೆ ಧಸಕ್ ಎನ್ನುತ್ತಿತ್ತು.

ಪೇಟೆಯ ಪಂಚಾಯಿತಿ ಸದಸ್ಯ ಮಂಜುನಾಥಪ್ಪ ಗುಂಡಿಯ ಬಾಯಿಗೆ ಆಗಲೇ ಹೂವಿನ ಹಾರ ಹಾಕಿಸಿದ್ದರು.

"ಸ್ವಾಮಿ, ಇದು ನಾವು ತೋಡಿದ್ದು. ಕಂಬ ಎಲ್ಲ ಗೆದ್ದಲು ತಿಂದು ಲಡ್ಡಾಗಿರ್ತವೆ. ಮಕ್ಕಳನ್ನ ಬೇರೆ ಕಡೆ ಕೂರ್ಸಿ."

"ಎಂತ ಜಟ್ಟಿಂಗಪ್ಪ, ನಾಯಕರ ಸೈನ್ಯದಲ್ಲಿ ನೀನೂ ಇದ್ಯಾ?" ನೆರೆದವರು ನಕ್ಕರು.

"ಗೂಡು ನೋಡಿ, ಬುಡ್ಡಿ ಮಸಿ ಇನ್ನೂ ಹಂಗೇ ಇದೆ."

"ಅದು ನಂದಾದೀಪದ ಮಸಿ ಮಾರಾಯ. ಕೈಮುಗಿ."

ಜಟ್ಟಿಂಗಪ್ಪ ಪಂಚಾಯಿತಿ ಕಚೇರಿಗೆ ಹೋದ. ಅಲ್ಲಿಯ ಗುಮಾಸ್ತರು ಅರ್ಜಿ ಓದಿ, ಕಟ್ಟಡ ಕುಸಿದ ಫೋಟೋ ಲಗತ್ತಿಸಬೇಕು ಎಂದರು.

"ಇನ್ನೂ ಕುಸಿದಿಲ್ಲ ಸ್ವಾಮಿ."

"ಹಂಗಾದ್ರೆ ಅರ್ಜೆಂಟ್ ಎಂತದು?"

ಮರುದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಜಟ್ಟಿಂಗಪ್ಪ, ಯಾರಿಗೂ ಕೇಳಬಾರದೆಂಬಂತೆ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ ಹೇಳಿದ: "ಹನ್ನೊಂದನೇ ಗೂಡಿನ ಬುಡದಲ್ಲಿ ಹಾರೆಗೆ ಎಂತದೋ ತಾಗಿತ್ತು. ಕಲ್ಲಿನ ಪೆಟ್ಟಿಗೆ ಇರ್ಬೇಕು. ಠಣ್ ಅಂತು. ಹೆದರಿ ಮುಚ್ಚಿಬಿಟ್ವಿ. ಈಗ ಅದ್ರ ಮೇಲೆ ಅಂಗನವಾಡಿ ಕೂತಿದೆ."

ಹಿಂದಿನ ದಿನ ಅವನು ಸುರಂಗ ತೋಡಿದ್ದೆ ಎಂದದ್ದೇ ಪೇಟೆಗೆ ಸುಳ್ಳಾಗಿತ್ತು. ಚಹಾ ಆರುವಷ್ಟರಲ್ಲಿ ಅದಕ್ಕಿಂತ ದೊಡ್ಡ ಸತ್ಯ ಪೇಟೆಯಲ್ಲಿ ಉಳಿಯಲಿಲ್ಲ. ಹತ್ತು ಗಂಟೆಗೆ ಮಂಜುನಾಥಪ್ಪ ಬಂದರು, ಹನ್ನೊಂದಕ್ಕೆ ಅಧಿಕಾರಿಗಳ ಜೀಪು. ಮಧ್ಯಾಹ್ನದ ಊಟಕ್ಕೆ ಮೊದಲೇ ಮಕ್ಕಳು, ತಟ್ಟೆ, ತೂಕದ ಯಂತ್ರ, ಮೊಟ್ಟೆಯ ಟ್ರೇ ಎಲ್ಲ ಸಮುದಾಯ ಭವನ ಸೇರಿದ್ದವು. ಒಂದು ಅರ್ಜಿಯಿಲ್ಲ, ಒಂದು ಫೋಟೋ ಇಲ್ಲ. ಖಾಲಿ ಅಂಗನವಾಡಿಗೆ ಇಬ್ಬರು ಪೊಲೀಸರ ಕಾವಲು.

ಅಗೆತಕ್ಕೆ ಒಳ್ಳೆಯ ಮುಹೂರ್ತ ನೋಡುತ್ತಿರುವಾಗಲೇ, ಮೂರನೇ ದಿನ ನಡುಮಧ್ಯಾಹ್ನ, ಮಕ್ಕಳು ಚಾಪೆ ಹಾಸಿಕೊಂಡು ಮಲಗುತ್ತಿದ್ದ ಜಾಗ ಅನಾಮತ್ತಾಗಿ ಪಾತಾಳಕ್ಕಿಳಿಯಿತು. ಪೊಲೀಸರು ಬೀಡಿ ಸೇದಲು ಹೊರಗಿದ್ದರು. ಧೂಳು ಇಳಿದ ಮೇಲೆ ಕಂಡದ್ದು ಗೆದ್ದಲು ಹಿಡಿದ ಕಂಬದ ಚೂರು, ಒಂದು ತುಕ್ಕು ಬುಡ್ಡಿ.

ಮಂಜುನಾಥಪ್ಪ ಗುಂಡಿಯನ್ನು ನೋಡಿದರು, ಜಟ್ಟಿಂಗಪ್ಪನನ್ನು ನೋಡಿದರು. "ಪೆಟ್ಟಿಗೆ ಎಲ್ಲಿ ಮಾರಾಯ?"

"ರಾಣಿ ಹೋಗುವಾಗ ತಗೊಂಡು ಹೋಗಿರ್ಬೇಕು ಸ್ವಾಮಿ."

ಅವನು ಅಲ್ಲಿ ನಿಲ್ಲಲಿಲ್ಲ. ಸಮುದಾಯ ಭವನಕ್ಕೆ ಹೋಗಿ ಮೊಮ್ಮಗಳ ತಲೆ, ಕೈ, ಕಾಲು ಎಲ್ಲ ಮುಟ್ಟಿ ನೋಡಿದ. ಅವಳು ಬಿಡಿಸಿಕೊಂಡು ಕುಪ್ಪಳಿಸಲು ಓಡಿದಳು. ಅವನು ಬಗ್ಗಿ, ಆ ಭವನದ ನೆಲವನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ. ಗಟ್ಟಿಯಿತ್ತು.

ಅಂಗನವಾಡಿಯ ಆಶಾ ಟೀಚರ್ ಹತ್ತಿರ ಬಂದು ದನಿ ತಗ್ಗಿಸಿದಳು. "ಅಜ್ಜ, ಪ್ರೈಮರಿ ಶಾಲೆ ಹೆಡ್ ಮೇಡಂ ಕೇಳ್ತಿದ್ರು. ಅವ್ರ ಶಾಲೆ ಮಾಡು ಮೂರು ವರ್ಷದಿಂದ ಸೋರ್ತಾ ಇದ್ಯಂತೆ. ನಿಮ್ಮ ಸುರಂಗ ಆ ಕಡೆಗೂ ಹೋಗಿತ್ತಾ?"

ಜಟ್ಟಿಂಗಪ್ಪ ಕಣ್ಣು ಕಿರಿದು ಮಾಡಿ, ಬೆರಳು ಮಡಚಿ ಎಣಿಸಿದ.

"ಹದಿನೇಳನೇ ಗೂಡು," ಎಂದ. "ಅಲ್ಲೂ ಠಣ್ ಅಂದಿತ್ತು."