ತಾಮ್ರದ ಪಟ್ಟಿಯ ಗೀರುಗಳು

ಹುಣಸೆಹಣ್ಣು ತಾಮ್ರಕ್ಕೆ ತಗುಲಿದಾಗ ಒಂದು ವಾಸನೆ ಏಳುತ್ತದಲ್ಲ, ನಿಮಗೂ ಗೊತ್ತಿರುತ್ತದೆ. ಅರ್ಧ ಹುಳಿ, ಅರ್ಧ ನೆತ್ತರು. ಇವತ್ತು ಸೋಮವಾರ. ದೇವರ ಪಾತ್ರೆಗಳನ್ನೆಲ್ಲ ಬೆಳಗಿ ಮುಗಿಸಿ, ಕೊನೆಗೆ ಎಂದಿನಂತೆ ಫಿರಂಗಿ ಗುಂಡನ್ನು ಬಚ್ಚಲಿಗೆ ಉರುಳಿಸಿಕೊಂಡು ಬಂದೆ. ಗಾಬರಿಯಾಗಬೇಡಿ, ಅದು ಖಾಲಿ ಗುಂಡು.

ಕಾನ್ವೆಂಟಿನ ಸಿಸ್ಟರುಗಳು ನನಗೆ ಕಸೂತಿ ಕಲಿಸಿದರು, ಕೆಮ್ಮುವಾಗ ಕರವಸ್ತ್ರ ಹಿಡಿಯುವುದನ್ನು ಕಲಿಸಿದರು. ಫಿರಂಗಿ ಗುಂಡಿನ ಪಾಠ ಮಾತ್ರ ಮದುವೆಯಾಗಿ ನಂಜನಗೂಡಿಗೆ ಬಂದ ಮೇಲೆ ಆಯಿತು. ನಮ್ಮವರು ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟ್ರು. ಬೇರೆ ಗಂಡಸರು ಭಾನುವಾರ ಇಸ್ಪೀಟಿಗೆ ಹೋದರೆ ಇವರು ಹಳೆಯ ಫಿರಂಗಿ ಗುಂಡು ಹುಡುಕಿಕೊಂಡು ಗುಜರಿ ಅಂಗಡಿಗೆ. "ಏನ್ ಮೇಷ್ಟ್ರೇ, ಮನೇಲಿ ಅಷ್ಟೊಂದ್ ಯುದ್ಧ ನಡೀತದಾ?" ಎಂದು ಅಂಗಡಿಯವನು ರೇಗಿಸುತ್ತಿದ್ದ. ಇವರು ನಾಚಿಕೊಂಡು ಚೀಲವನ್ನು ಬೆನ್ನ ಹಿಂದೆ ಅಡಗಿಸುತ್ತಿದ್ದರು. ಅಷ್ಟು ಭಾರದ ಚೀಲವನ್ನು ಅಡಗಿಸುವುದೆಂದರೆ ನೀವೇ ಊಹಿಸಿ.

ಗುಂಡು ಎಂದರೆ ಉಂಡೆಯಲ್ಲ. ಮೊಳದುದ್ದದ ಕಬ್ಬಿಣ, ತುದಿ ಬಾಳೆಮೂತಿಯ ಹಾಗೆ ಚೂಪು, ಬುಡದಲ್ಲಿ ಡಾಬು ಕಟ್ಟಿದಂತೆ ತಾಮ್ರದ ಒಂದು ಪಟ್ಟಿ. ಬ್ರಿಟಿಷರ ಕಾಲದ ಫಿರಂಗಿಯ ಕೊಳವೆಯೊಳಗೆ ಸುರುಳಿ ಸುರುಳಿಯಾಗಿ ತೋಡು ಕೊರೆದಿರುತ್ತಾರಂತೆ. ಗುಂಡು ತಿರುಗುತ್ತಾ ಹೊರಬೀಳುವಾಗ ಮೆದುವಾದ ತಾಮ್ರದ ಮೇಲೆ ಓರೆ ಗೀರುಗಳು ಬೀಳುತ್ತವೆ, ಚಕ್ಕುಲಿ ಒರಳಿನಿಂದ ಇಳಿದ ಹಿಟ್ಟಿನ ಮೈಮೇಲೆ ಏಣು ಮೂಡುವ ಹಾಗೆ. ಗೀರಿದ್ದರೆ ಹಾರಿದ ಗುಂಡು, ನುಣುಪಾಗಿದ್ದರೆ ಹಾರದ್ದು. ಆಮೇಲೆ ಮೂತಿ ನೋಡಬೇಕು. ತೂತು ತೆರೆದು ಒಳಗೆ ಖಾಲಿಯಿದ್ದರೆ ಮನೆಗೆ ತರಬಹುದು. ಮೂತಿಗೆ ಸಿಡಿಸುವ ಬಿರಡೆ ಹಾಗೇ ಇದ್ದು, ಪಟ್ಟಿಯ ಮೇಲೆ ಗೀರೂ ಇದ್ದರೆ, ಅದು ಹಾರಿಯೂ ಸಿಡಿಯದೆ ಉಳಿದದ್ದು. ಅದನ್ನು ಮುಟ್ಟಲೇಬಾರದು. ಇಷ್ಟನ್ನು ಅವರು ನನ್ನ ಬೆರಳು ಹಿಡಿದು ಪಟ್ಟಿಯ ಮೇಲೆ ಆಡಿಸಿ ಕಲಿಸಿದರು. ನಮ್ಮ ಸಂಸಾರದಲ್ಲಿ ಸರಸವೆಂದರೆ ಹೆಚ್ಚುಕಡಿಮೆ ಇದೇ.

ತೊಂಬತ್ತರ ದಶಕದ ಕೊನೆಯಲ್ಲಿರಬೇಕು. ತಿ. ನರಸೀಪುರದಲ್ಲಿ ಮದುವೆ ಊಟ ಮುಗಿಸಿ ಹೊರಟಾಗ ಯಾರೋ ಹೇಳಿದರು: ಸೋಸಲೆಯ ಆಚೆ ಹೊಳೆದಡದ ಹಳ್ಳಿಯಲ್ಲಿ ಕಬ್ಬಿಣದ ಲಿಂಗವಿದೆ, ಸೊಂಟಕ್ಕೆ ತಾಮ್ರದ ಪಟ್ಟಿಯಿದೆ. ನಮ್ಮವರ ಮುಖ ನೋಡಬೇಕಿತ್ತು. ರೇಷ್ಮೆ ಸೀರೆಯಲ್ಲೇ ನಾನೂ ಬಸ್ಸು ಹತ್ತಿದೆ.

ಅರಳಿಕಟ್ಟೆಯ ಮೇಲೆ, ಮೈತುಂಬ ವಿಭೂತಿ ಬಳಿದುಕೊಂಡು, ಮೂತಿ ಮೇಲೆ ಮಾಡಿ ನಿಂತಿತ್ತು. ಕೆಂಪಮ್ಮ ಎಂಬ ಮುದುಕಿ ಇಟ್ಟಿಗೆ ಪುಡಿ, ಹುಣಸೆಹಣ್ಣು ಹಾಕಿ ಪಟ್ಟಿಯನ್ನು ಉಜ್ಜುತ್ತಿದ್ದಳು. ಅವತ್ತೂ ಸೋಮವಾರ.

"ನಮ್ಮೆಜಮಾನ್ರು ಒಳೇಲಿ ಮಳ್ಳು ತಗೀವಾಗ ಸಿಕ್ತು ಅಂತ ಒತ್ಕಬಂದು ಮಡಗುದ್ರು ಕಣವ್ವ. ಒಳೆಸಾಮಿ. ಅವ್ರು ಓದ್ರು, ಸಾಮಿ ಅವ್ನೆ" ಎಂದಳು. ಮಾತಾಡುತ್ತಲೇ ಮೂತಿಯ ಮೇಲೆ ಕರ್ಪೂರ ಹಚ್ಚಿದಳು. ತೆಂಗಿನಕಾಯಿ ಕೈಗೆತ್ತಿಕೊಂಡಳು. ಕಾಯಿ ಒಡೆಯುವುದೂ ಅದರ ತಲೆಯ ಮೇಲೆಯೇ.

ನಮ್ಮವರು ನನ್ನ ತೋಳು ಹಿಡಿದರು. ಪಟ್ಟಿಯ ಮೇಲೆ ಓರೆ ಗೀರುಗಳು ಹೊಳೆಯುತ್ತಿದ್ದವು. ವಿಭೂತಿಯ ಕೆಳಗೆ ಬಿರಡೆಯ ಅಂಚು ಕಾಣುತ್ತಿತ್ತು.

"ಅಮ್ಮಾ, ದಮ್ಮಯ್ಯ, ಕಾಯಿ ಒಡೀಬೇಡಿ. ಇದರೊಳಗೆ ಸಿಡಿಮದ್ದಿರಬಹುದು."

"ಇಷ್ಟು ವರ್ಸ ಸುಮ್ಕಿದ್ದೋನು ಈಗ್ಯಾಕ್ ಸಿಟ್ಟಾಯ್ತಾನೆ ಸಾ? ನೀವೊಳ್ಳೆ ಚೆನ್ನಾಗಿ ಯೋಳ್ತೀರಿ!" ಎಂದು ನಕ್ಕು, ಟಪ್ಪೆಂದು ಒಡೆದೇಬಿಟ್ಟಳು. ಹೋಳು ನನ್ನ ಸೆರಗಿಗೆ ಹಾಕಿದಳು. ಕಟ್ಟೆಯ ಸುತ್ತ ಮಕ್ಕಳು ಕುಂಟೆಬಿಲ್ಲೆ ಆಡುತ್ತಿದ್ದವು.

ಆ ವಾರವೆಲ್ಲ ನಮ್ಮವರಿಗೆ ಅನ್ನ ಇಳಿಯಲಿಲ್ಲ. ಕೊನೆಗೆ ತಿಳಿಸಬೇಕಾದವರಿಗೆ ತಿಳಿಸಿದರು. ಮಕ್ಕಳು ಆಡುವ ಜಾಗ. ನೀವಾದರೂ ಬೇರೇನು ಮಾಡುತ್ತಿದ್ದಿರಿ? ಮೈಸೂರಿನಿಂದ ಪೊಲೀಸಿನವರು, ಮದ್ದಿನ ಕೆಲಸದವರು ಬಂದರು; ನಾವಿಬ್ಬರೂ ಹೋದೆವು. ಗುಂಡನ್ನು ಮರಳದಿಣ್ಣೆಗೆ ಒಯ್ದು, ಹಳ್ಳ ತೋಡಿ, ಮೂಟೆ ಪೇರಿಸಿ, ತಮ್ಮ ಮದ್ದು ಇಟ್ಟು ಸಿಡಿಸಿದರು. ಹೊಳೆಯಾಚೆಯ ಕೊಕ್ಕರೆಗಳೆಲ್ಲ ಒಟ್ಟಿಗೆ ಎದ್ದವು. ಕೆಂಪಮ್ಮ ಅಳಲಿಲ್ಲ. ಬರಿದಾದ ಕಟ್ಟೆಗೆ ಒರಗಿ, ಹುಣಸೆಹಣ್ಣಿನ ಬಟ್ಟಲು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಒಳಗೆ ಮದ್ದಿತ್ತಾ?" ಎಂದು ನಮ್ಮವರು ಸಿಡಿಸಿದವರನ್ನು ಕೇಳಿದರು.

"ನಾವಿಟ್ಟಿದ್ದರ ಸೌಂಡ್ ಯಾವ್ದು, ಅದರದ್ದು ಯಾವ್ದು ಅಂತ ಹೆಂಗ್ ಹೇಳೋದು ಸಾರ್? ಸೇಫ್ ಆಯ್ತಲ್ಲ, ಬಿಡಿ."

ನಮ್ಮವರು ಬಿಡಲಿಲ್ಲ. ಅದೇ ಅವರನ್ನು ಬಿಡಲಿಲ್ಲ. ಕಾಫಿ ಕುಡಿಯುತ್ತಾ, ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾ ಕೇಳುತ್ತಿದ್ದರು: "ನಿನಗೆ ಸದ್ದು ಒಂದು ಕೇಳಿಸ್ತಾ, ಎರಡಾ?" ಎರಡು ಎಂದಿದ್ದರೆ ಒಳಗೆ ಮದ್ದಿತ್ತೆಂದು ಅವರಿಗೆ ಸಮಾಧಾನ. ಒಂದೇ ಅನ್ನಿಸ್ತು ರೀ, ಎನ್ನುತ್ತಿದ್ದೆ. ನನಗೆ ಕೇಳಿಸಿದ್ದು ಒಂದೇ.

ಕೆಲವು ತಿಂಗಳ ಮೇಲೆ ಒಂದು ಹುಣ್ಣಿಮೆಯ ದಿನ ಕೆಂಪಮ್ಮ ನಮ್ಮ ಬಾಗಿಲಿಗೆ ಬಂದಳು. ಕಪಿಲೆಯಲ್ಲಿ ಮುಳುಗಿ ಬಂದ ಒದ್ದೆ ಸೀರೆ. "ಒಂದ್ ಚೂರಾದ್ರೂ ಇದ್ರೆ ಕೊಡಿ ಸಾ" ಎಂದಳು. ಚೂರುಗಳನ್ನೆಲ್ಲ ಪೊಲೀಸಿನವರು ಒಯ್ದಿದ್ದರು. ನಮ್ಮವರು ಒಳಗೆ ಹೋಗಿ ತಮ್ಮ ಸಂಗ್ರಹದಲ್ಲೇ ಚೆಂದದ್ದನ್ನು, ಗೀರುಗಳು ಒಂದೂ ಮಾಸದ ಖಾಲಿ ಗುಂಡನ್ನು, ಮಗುವನ್ನು ತಂದಂತೆ ತಂದು ಅವಳ ಮುಂದಿಟ್ಟರು. "ಇದೂ ಅದೇ ಥರದ್ದಮ್ಮ. ಇದರಿಂದ ಏನೂ ಅಪಾಯವಿಲ್ಲ. ತಗೊಂಡು ಹೋಗಿ."

ಕೆಂಪಮ್ಮ ಅದರ ಮೈಯ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ಕೂತಳು. ಬೆರಳ ಗೆಣ್ಣಿನಿಂದ ತಟ್ಟಿದಳು. ಖಾಲಿ ಕೊಡದ ಹಾಗೆ ಟೊಂಯ್ ಎಂದಿತು.

"ಬ್ಯಾಡ ಕಣಪ್ಪ. ಇದ್ರಲ್ಲಿ ಯಾರೂ ಇಲ್ಲ."

ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಸಿಟ್ಟಿದ್ದಿದ್ದರೆ ನಮ್ಮವರು ಉಳಿಯುತ್ತಿದ್ದರೇನೋ. ನಾನು ಕೊಟ್ಟ ಕಾಫಿಯನ್ನೂ ಕುಡಿಯದೆ ಮೆಟ್ಟಿಲಿಳಿದು ಹೋದಳು. ನಮ್ಮವರು ಮಿಕ್ಕೆಲ್ಲ ಗುಂಡುಗಳನ್ನು ಅದೇ ಗುಜರಿ ಅಂಗಡಿಗೆ ಹಾಕಿ ಬಂದರು. ಅಂಗಡಿಯವನು ರೇಗಿಸಲಿಲ್ಲವಂತೆ. ಇದೊಂದನ್ನು ಮಾತ್ರ ಯಾಕೆ ಉಳಿಸಿಕೊಂಡರೆಂದು ನಾನು ಕೇಳಲಿಲ್ಲ. ಭಾನುವಾರಗಳಲ್ಲಿ ಕಿಟಕಿಯ ಬಳಿ ಸುಮ್ಮನೆ ಕೂರುತ್ತಿದ್ದರು. ಆಮೇಲೆ ಬಹಳ ವರ್ಷ ಇರಲಿಲ್ಲ. ಆಸ್ಪತ್ರೆಯ ಮಂಚದಲ್ಲೂ ನನ್ನ ಕಡೆ ಎರಡು ಬೆರಳೆತ್ತಿ, ಹುಬ್ಬಿನಲ್ಲೇ ಕೇಳಿದರು. ನಾನು ಒಂದು ಬೆರಳು ತೋರಿಸಿದೆ.

ಅವರು ಹೋದ ಮೇಲೆ ಸೋಮವಾರ ಸೋಮವಾರ ಈ ಗುಂಡನ್ನು ಬೆಳಗುತ್ತೇನೆ. ಭಕ್ತಿಯಲ್ಲ. ಅವರು ಬೆರಳು ಹಿಡಿದು ಆಡಿಸಿದ್ದ ಜಾಗ ಹೊಳೆಯುತ್ತಿರಲಿ ಅಂತ, ಅಷ್ಟೇ. ಇವತ್ತು ನೀರು ಸುರಿದು, ಎಂದಿನಂತೆ ಬೆರಳು ಆಡಿಸಿದೆ. ಅರ್ಧ ಸುತ್ತು ಹೋದರೂ ಬೆರಳಿಗೆ ಏನೂ ತಾಕಲಿಲ್ಲ. ಕನ್ನಡಕ ತಂದು ನೋಡಿದೆ. ಗೀರುಗಳು ಸವೆದುಹೋಗಿವೆ, ಒಂದು ಬದಿ ಪೂರಾ ನುಣುಪು. ಇಟ್ಟಿಗೆ ಪುಡಿ, ಹುಣಸೆಹಣ್ಣು, ನನ್ನ ಕೈ.

ಈಗ ಅವರೇ ಎದ್ದು ಬಂದು ಈ ಬದಿ ಮುಟ್ಟಿದರೂ, ಇದು ಹಾರಿದ್ದೇ ಅಲ್ಲ ಎನ್ನುತ್ತಾರೆ.