ಬೂತಾಯಿ ಎಣ್ಣೆ ಬಳಿದ ಬೋಲ್ಟು

ಬಂಟ್ವಾಳ ಪೇಟೆಯಲ್ಲಿ ಅಬ್ದುಲ್ ಶುಕೂರ್ ಕೂತದ್ದನ್ನು ಕಂಡವರಿಲ್ಲ. ಚಾ ಕುಡಿಯುವುದು ನಿಂತೇ, ಉಣ್ಣುವಾಗಲೂ ಒಂದು ಮೊಣಕಾಲು ಎದ್ದೇ ಇರುತ್ತಿತ್ತು. ಅಂಥವನಿಗೆ ಸಿಕ್ಕಿದ ಕೆಲಸ ಹಳೇ ಬಸ್ಸುಗಳ ರಿಪೇರಿ. ಕಚ್ಚಿಕೊಂಡ ಬೋಲ್ಟಿಗೆ ಸೀಮೆಎಣ್ಣೆ ಬಿಡಬೇಕು, ಸುತ್ತಲೂ ಮೆಲ್ಲಗೆ ತಟ್ಟಬೇಕು, ಆಮೇಲೆ ಕಾಯಬೇಕು. ಪುನಃ ತಟ್ಟಬೇಕು, ಪುನಃ ಕಾಯಬೇಕು. ಕಾಯುವ ಹೊತ್ತಿನಲ್ಲಿ ಅವನು ಬಾಲಕ್ಕೆ ಬೆಂಕಿ ಹತ್ತಿದ ಬೆಕ್ಕಿನ ಹಾಗೆ ಅಂಗಳ ಸುತ್ತುತ್ತಿದ್ದ. ಸುತ್ತುತ್ತಾ ಬೊಂಬಾಯಿಯ ಮಾತು ತೆಗೆಯುತ್ತಿದ್ದ.

ಅವನ ಹೆಂಡತಿ ಸಾಲಿಹಾಳಿಗೆ ಆ ಊರಿನ ಹೆಸರೇ ಆಗಿಬರುತ್ತಿರಲಿಲ್ಲ. ಪಕ್ಕದ ಮನೆಯ ಮೈಮೂನಮ್ಮನ ಗಂಡ ಬೊಂಬಾಯಿಯ ಬಂದರಿಗೆ ಹೋದವನು. ಮೊದಲು ಹಬ್ಬಕ್ಕೆ ಬರುತ್ತಿದ್ದ, ಆಮೇಲೆ ಯಾರ ಕೈಯಲ್ಲಾದರೂ ಬಟ್ಟೆ ಕಳಿಸುತ್ತಿದ್ದ, ಈಗ ಅದೂ ಇಲ್ಲ. ಶುಕೂರನ ಅಣ್ಣ ಉಮ್ಮರ್ ಇರುವುದೂ ಅಲ್ಲೇ. "ಮುನಿರಾಜ ಧನಿಗಳ ಬಸ್ಸು ಒಂದು ಇಲ್ಲದಿದ್ದರೆ ನಾನು ಯಾವಾಗಲೋ ಅಣ್ಣನ ಹತ್ತಿರ ಹೋಗ್ತಿದ್ದೆ" ಎಂದು ಶುಕೂರ್ ಹೇಳುತ್ತಲೇ ಇರುವವನು. ಸಾಲಿಹಾ ಮನಸ್ಸಿನೊಳಗೇ ಆ ಬಸ್ಸಿಗೆ ಸಲಾಂ ಹಾಕುವವಳು.

ಮುನಿರಾಜ ಧನಿಗಳು ಮೂಡಬಿದ್ರಿಯ ಜೈನರು. ಬೆಂಚಿನ ಮೇಲೆ ಕೂರುವ ಮೊದಲು ಇರುವೆ ಸಾಯದಿರಲಿ ಎಂದು ಶಾಲಿನ ತುದಿಯಿಂದ ಗುಡಿಸುವವರು. ಎಲ್ಲಿಗೆ ಹೋದರೂ ಹೊತ್ತು ಮುಳುಗುವ ಮೊದಲು ಮನೆಗೆ ಮುಟ್ಟಿ ಉಣ್ಣಬೇಕು. ಅವರ ಬಸ್ಸು ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಬಂದ ಲಾರಿಗೆ ಮರದ ಮೈ ಕಟ್ಟಿದ್ದು. ಮೂಡಬಿದ್ರಿಯಿಂದ ಹೊರಟು ಬಂಟ್ವಾಳಕ್ಕೆ ಬಂದು, ಬೆಳ್ತಂಗಡಿ ದಾಟಿ ಚಾರ್ಮಾಡಿಯವರೆಗೆ ಹೋಗುತ್ತಿತ್ತು. ಮಳೆಗಾಲ ಬಂದರೆ ನೇತ್ರಾವತಿಯ ನೀರು ಪೇಟೆಗೇ ಏರುವ ಊರು ಬಂಟ್ವಾಳ. ಪ್ರತಿ ವರ್ಷ ಬಸ್ಸಿನ ಅಡಿಭಾಗ ತುಕ್ಕು ಹಿಡಿದು ಹುಡಿಹುಡಿಯಾಗುತ್ತಿತ್ತು.

ಜಿಲ್ಲೆ ಮದ್ರಾಸಿನಿಂದ ಮೈಸೂರಿಗೆ ಸೇರಿದ ಮರುವರ್ಷ, ಮಳೆ ಹಿಡಿಯುವ ಮೊದಲು, ಸಾಲಿಹಾಳೇ ಒಂದು ಮಾತು ಹೇಳಿದ್ದಳು. ಅವಳ ಅಪ್ಪ ಮಂಗಳೂರಿಗೆ ಸರಕಿನ ದೋಣಿ ನಡೆಸುತ್ತಿದ್ದವರು. ದೋಣಿಯ ಹಲಗೆಗೆ ಬೂತಾಯಿ ಮೀನಿನ ಎಣ್ಣೆ ಬಳಿದರೆ ಅದು ಒಣಗಿ ಅರಗಿನ ಹಾಗೆ ಕೂರುತ್ತದೆ, ನೀರನ್ನು ಒಳಗೆ ಬಿಡುವುದಿಲ್ಲ.

"ದೋಣಿಗೆ ಆಗ್ತದೆ ಅಂದ ಮೇಲೆ ಬಸ್ಸಿಗೆ ಯಾಕೆ ಆಗ್ಲಿಕ್ಕಿಲ್ಲ?" ಅಂದಿದ್ದಳು.

ಶುಕೂರ್ ಧನಿಗಳನ್ನು ಕೇಳಲಿಲ್ಲ. ಕೇಳಿದರೆ ಉತ್ತರ ಗೊತ್ತಿತ್ತಲ್ಲ! ಬಸದಿಗೆ ಹೋಗುವವರು, ಧರ್ಮಸ್ಥಳಕ್ಕೆ ಹೋಗುವವರು ಕೂರುವ ಬಸ್ಸಿಗೆ ಮೀನಿನ ಎಣ್ಣೆಯೇ? ಕೇಳದೆಯೇ ಬಳಿದ. ಮೊದಮೊದಲು ಧನಿಗಳು ಮೂಗು ಅರಳಿಸಿದ್ದುಂಟು. "ಮೀನು ಮಾರ್ಕೆಟಿನ ಎದುರಿನಿಂದ ಬಂದದ್ದಲ್ವಾ ಧನಿಗಳೇ," ಎಂದು ಡ್ರೈವರ್ ಶೇಖರ ಸುಧಾರಿಸಿದ್ದ. ಆಮೇಲೆ ಎಣ್ಣೆ ಒಣಗಿತು, ಮೇಲೆ ಕೆಸರು ಮೆತ್ತಿತು, ವಾಸನೆ ಹೋಯಿತು. ಆ ಮಳೆಗಾಲ ತುಕ್ಕು ಹತ್ತಿರ ಸುಳಿಯಲಿಲ್ಲ. ಎಣ್ಣೆ ಬೋಲ್ಟಿನ ತಿರುಪಿನ ಒಳಗೂ ಇಳಿದು ಅಲ್ಲಿಯೂ ಅರಗಾಗಿ ಕೂತಿದೆ ಎಂಬುದು ಮಾತ್ರ ಆಗ ಗಂಡನಿಗೂ ಹೊಳೆಯಲಿಲ್ಲ, ಹೆಂಡತಿಗೂ ಹೊಳೆಯಲಿಲ್ಲ.

ಮಳೆ ಬಿಟ್ಟ ಮೇಲೆ ಚಾರ್ಮಾಡಿಯ ಹತ್ತಿರ ಒಂದು ಹೊಂಡಕ್ಕೆ ಬಿದ್ದು ಬಸ್ಸಿನ ಸ್ಪ್ರಿಂಗಿನ ಪಟ್ಟಿ ತುಂಡಾಯಿತು. ಧನಿಗಳು ತಾವೇ ಬಸ್ಸಿನೊಟ್ಟಿಗೆ ಬಂದು ಶುಕೂರನ ಶೆಡ್ಡಿನ ಬೆಂಚು ಗುಡಿಸಿ ಕೂತರು. ಪಟ್ಟಿ ಬದಲಿಸಬೇಕಾದರೆ ಅದನ್ನು ಹಿಡಿದ ಬೋಲ್ಟು ಬಿಚ್ಚಬೇಕು. ಬೋಲ್ಟು ಅಲುಗಲಿಲ್ಲ. ಸೀಮೆಎಣ್ಣೆಗೂ ಜಗ್ಗಲಿಲ್ಲ, ತಟ್ಟಿದ್ದಕ್ಕೂ ಜಗ್ಗಲಿಲ್ಲ.

ಶೆಡ್ಡಿಗೆ ತಾಗಿದ ಅಡುಗೆಮನೆಯ ತಟ್ಟಿಯ ಸಂದಿನಿಂದ ನೋಡುತ್ತಿದ್ದ ಸಾಲಿಹಾಳಿಗೆ ಗಂಡನ ಬೆನ್ನು ನೋಡಿಯೇ ಗೊತ್ತಾಯಿತು. ಎಣ್ಣೆ ಬೋಲ್ಟಿನೊಳಗೂ ಇಳಿದು ಕಚ್ಚಿದೆ, ಇನ್ನು ಇರುವುದು ಬೆಂಕಿ ಒಂದೇ. ಸೀಮೆಎಣ್ಣೆಯ ಊದುದೀಪದ ಜೋರು ಉರಿ ಹಿಡಿದರೆ ಅರಗು ಕರಗಿ ಇಳಿಯುತ್ತದೆ, ಬೋಲ್ಟು ಬಿಡುತ್ತದೆ. ಆದರೆ ಉರಿ ಹಿಡಿದ ಕೂಡಲೇ ಸುಟ್ಟ ಬೂತಾಯಿಯ ವಾಸನೆ ಏಳುತ್ತದೆ, ಧನಿಗಳ ಮೂಗಿನ ಬುಡದಲ್ಲೇ.

ಶುಕೂರ್ ಧನಿಗಳನ್ನು ಎಬ್ಬಿಸಲು ನೋಡಿದ. "ಶೇಖರ, ಧನಿಗಳನ್ನು ಹೊಳೆಬದಿಗೆ ಕರಕೊಂಡು ಹೋಗಿ ಒಂದು ಬೊಂಡದ ಎಳನೀರು ಕುಡಿಸಿ ಬಾ ಮಾರಾಯ. ಇಲ್ಲಿ ಸೆಕೆ."

"ಬೊಂಡ ಇಲ್ಲಿಗೇ ತಾ ಶೇಖರ," ಅಂದರು ಧನಿಗಳು. "ನಾನು ಎದ್ದರೆ ಇವನು ಕೆಲಸ ಬಿಟ್ಟು ಪೇಟೆ ಸುತ್ತುತ್ತಾನೆ."

ಶುಕೂರ್ ಹಲ್ಲು ಕಚ್ಚಿ ಸ್ಪ್ಯಾನರಿಗೆ ಉದ್ದದ ಪೈಪು ಸಿಕ್ಕಿಸಿ ಮೈಭಾರ ಬಿಟ್ಟ. ಟಕ್ಕೆಂದಿತು.

"ಎಂಥ ಶಬ್ದ ಅದು?"

"ತಲೆ ಹೋಯ್ತು ಧನಿಗಳೇ."

"ಯಾರದ್ದು?"

"ಬೋಲ್ಟಿದ್ದು."

"ಹಾಗಾದರೆ ನಿನ್ನದು ಇನ್ನೂ ಉಂಟಲ್ಲ? ಅದನ್ನು ಉಪಯೋಗಿಸು." ಧನಿಗಳು ಎದ್ದು ಬಿಸಿಲು ಎಲ್ಲಿಗೆ ಬಂತೆಂದು ನೋಡಿ ಪುನಃ ಕೂತರು. "ಆಗದಿದ್ದರೆ ಬಾಯಿಬಿಟ್ಟು ಹೇಳು ಶುಕೂರ್. ಮಂಗಳೂರಿನಲ್ಲಿ ದೊಡ್ಡ ವರ್ಕ್‌ಶಾಪು ಉಂಟು. ಎಳಕೊಂಡು ಹೋಗಿ ಅಲ್ಲಿಗೇ ಕೊಡುವ. ಇನ್ನು ಮೇಲೆಯೂ ಅಲ್ಲಿಗೇ."

ಶುಕೂರ್ ನೀರು ಕುಡಿಯುವ ನೆವದಲ್ಲಿ ಒಳಗೆ ಬಂದ.

"ಬೆಂಕಿ ಹಿಡೀರಿ," ಅಂದಳು ಸಾಲಿಹಾ ಪಿಸುದನಿಯಲ್ಲಿ. "ಹೇಳಿಬಿಟ್ಟು ಹಿಡೀರಿ."

"ಹೇಳುವುದಾ? ಮತ್ತೆ ಧನಿಗಳು ಈ ಓಣಿಗೆ ಕಾಲಿಡ್ಲಿಕ್ಕಿಲ್ಲ. ಹೋಗಲಿ ಬಿಡು ಮಾರಾಯ್ತಿ, ಬಸ್ಸು ಮಂಗಳೂರಿಗೇ ಹೋಗಲಿ. ಉಮ್ಮರಣ್ಣ ಕರೆಯುತ್ತಲೇ ಇದ್ದಾನೆ."

ಹೇಳುವಾಗ ಅವನ ಮುಖದಲ್ಲಿ ಬೇಸರ ಇರಲಿಲ್ಲ. ಬೆನ್ನಿನಿಂದ ಹೊರೆ ಇಳಿಸಿದವನ ಹಾಗಿದ್ದ. ಅದನ್ನು ಕಂಡ ಅವಳಿಗೆ ಒಲೆಯ ಮೇಲಿನ ಗಂಜಿ ಉಕ್ಕಿದ್ದೂ ಕಾಣಲಿಲ್ಲ. ಬಾಗಿಲವರೆಗೆ ಹೋದಳು, ತಿರುಗಿ ಬಂದಳು, ತಲೆಯ ಬಟ್ಟೆಯನ್ನು ಹಣೆಯವರೆಗೆ ಎಳೆದಳು, ಪುನಃ ಹೋದಳು. ಪರಗಂಡಸರ ಎದುರು ಅವಳು ಅದುವರೆಗೆ ನಿಂತವಳಲ್ಲ. ಹೊಸ್ತಿಲ ಆಚೆ ಕಾಲಿಟ್ಟು ನೆಲ ನೋಡುತ್ತಾ ಒಂದೇ ಉಸಿರಿಗೆ ಹೇಳಿದಳು:

"ಧನಿಗಳೇ, ಬೋಲ್ಟಿಗೆ ಬೆಂಕಿ ಹಿಡೀಬೇಕು. ಹಿಡಿದರೆ ಬೂತಾಯಿ ವಾಸನೆ ಬರ್ತದೆ. ಮಳೆಗೆ ಮೊದಲು ಬಸ್ಸಿನಡಿಗೆ ಬಳಿದದ್ದು ಮೀನಿನ ಎಣ್ಣೆ. ದೋಣಿಗೆ ಬಳಿಯುವ ಹಾಗೆ ಬಳೀರಿ ಅಂತ ಹೇಳಿದವಳು ನಾನು. ನೀವು ಸ್ವಲ್ಪ ದೂರ ಹೋಗಿ ನಿಲ್ಲಬೇಕು."

ಬೊಂಡ ಕೆತ್ತುತ್ತಿದ್ದ ಶೇಖರನ ಕೈ ನಿಂತಿತು. ಶುಕೂರ್ ಬಸ್ಸಿನಡಿಗೆ ನುಗ್ಗಿದವನು ಹೊರಗೆ ಬರಲೇ ಇಲ್ಲ.

ಧನಿಗಳ ಮುಖ ಕಪ್ಪಿಟ್ಟಿತು. "ನನ್ನ ತಾಯಿ ಈ ಬಸ್ಸಿನಲ್ಲಿ ಕೂತು ಬಸದಿಗೆ ಹೋದವರು," ಅಂದರು. ಬೈಗುಳ ಬರುತ್ತದೆಂದು ಸಾಲಿಹಾ ಕಾದಳು. ಬರಲಿಲ್ಲ. ಅವರು ಶಾಲು ಕೊಡವಿ ಹೆಗಲಿಗೆ ಹಾಕಿಕೊಂಡು ಪೇಟೆಯ ಕಡೆಗೆ ನಡೆದೇಬಿಟ್ಟರು. ಬೈದಿದ್ದರೆ ವಾಸಿಯಿತ್ತು.

"ಇನ್ನು ಅಡಗಿ ಕೂತು ಏನು ಸಿಗ್ತದೆ?" ಎಂದು ಅವಳು ಬಸ್ಸಿನಡಿಗೆ ಬಗ್ಗಿ ಕೂಗಿದಳು. "ಕೆಲಸ ಮುಗಿಸಿ!"

ಸ್ಪ್ರಿಂಗಿನ ಹದ ಕೆಡದಿರಲೆಂದು ಉಳಿದ ಪಟ್ಟಿಗಳಿಗೆ ಶುಕೂರ್ ಒದ್ದೆ ಗೋಣಿ ಸುತ್ತಿದ. ಮುರಿದ ಬೋಲ್ಟಿನ ಸುತ್ತ ಊದುದೀಪ ಹಿಡಿದ. ಹೊಗೆ ಎದ್ದಿತು. ಮಾಡಿನ ಮೇಲೆ ಕಾಗೆಗಳು ಬಂದು ಕೂತವು. ಬೇಲಿಯಾಚೆಯಿಂದ ಮೈಮೂನಮ್ಮ, "ಸಾಲಿಹಾ, ಇವತ್ತು ಬೂತಾಯಿ ಯಾರು ತಂದದ್ದೇ? ನನಗೊಂದು ಇಡು!" ಎಂದು ಕೂಗಿದಳು. ಶೇಖರ ನಗು ತಡೆಯಲಾರದೆ ಆಚೆ ತಿರುಗಿದ. ಕಬ್ಬಿಣ ಕೆಂಪಾಗುತ್ತಾ ಬಂದಾಗ ಶುಕೂರ್ ಮುರಿದ ತುದಿಯ ಅಂಚಿಗೆ ಉಳಿ ಇಟ್ಟು, ಬಿಚ್ಚುವ ಕಡೆಗೆ ಓರೆಯಾಗಿ ಹೊಡೆದ. ಒಂದು ಕೂದಲೆಳೆ ಅಲುಗಿತು. ಇನ್ನೊಂದು ಪೆಟ್ಟು. ಕಿರ್ರೆಂದು ತಿರುಗಿತು. ಕಪ್ಪು ಮೇಣ ಸುರಿಸುತ್ತಾ ಬೋಲ್ಟು ಹೊರಗೆ ಬಂತು.

ಹೊಸ ಪಟ್ಟಿ ಕೂರಿಸಿದರು. ಅಡಿಯೆಲ್ಲ ಬಿಸಿನೀರು, ಅಂಟುವಾಳದಿಂದ ತಿಕ್ಕಿದರು. ಶೇಖರ ಖಾಲಿ ಬಸ್ಸು ಕೊಂಡುಹೋದ. ಧನಿಗಳು ಬೇರೆ ಯಾರದೋ ಬಸ್ಸು ಹತ್ತಿ ಮನೆಗೆ ಹೋದರೆಂದು ಪೇಟೆಯಿಂದ ಸುದ್ದಿ ಬಂತು.

ಆಮೇಲಿನ ದಿನಗಳನ್ನು ಸಾಲಿಹಾ ಹೇಗೆ ಕಳೆದಳೋ. ಓಣಿಯ ತುದಿಯಲ್ಲಿ ಇಂಜಿನ್ನಿನ ಸದ್ದಾದರೆ ಕೈಯಲ್ಲಿದ್ದ ಪಾತ್ರೆ ಬಿಟ್ಟು ಬಾಗಿಲಿಗೆ ಬರುತ್ತಿದ್ದಳು. ಸದ್ದು ಮುಂದಕ್ಕೆ ಹೋಗುತ್ತಿತ್ತು. ಶುಕೂರ್ ಬೊಂಬಾಯಿಯ ಹಡಗಿನ ಟಿಕೇಟಿನ ವಿಷಯ ಅವರಿವರಲ್ಲಿ ಕೇಳಲು ಸುರುಮಾಡಿದ್ದ.

ಒಂದು ಮಧ್ಯಾಹ್ನ ಬಸ್ಸು ಶೆಡ್ಡಿನ ಎದುರಿಗೇ ಬಂದು ನಿಂತಿತು. ಶೇಖರ ಇಳಿದು ಒಂದು ಡಬ್ಬಿಯನ್ನು ದೊಪ್ಪೆಂದು ಬೆಂಚಿನ ಮೇಲಿಟ್ಟ.

"ಹೊಂಗೆ ಎಣ್ಣೆ. ಧನಿಗಳು ಕಳಿಸಿದ್ದು. ಇನ್ನು ಬಸ್ಸಿನಡಿಗೆ ಇದನ್ನೇ ಬಳೀಬೇಕಂತೆ. ಬ್ರೇಕು ಸಹ ನೋಡ್ಬೇಕಂತೆ."

"ಮಂಗಳೂರಿನ ವರ್ಕ್‌ಶಾಪು?" ಅಂದ ಶುಕೂರ್.

"ಮಂಗಳೂರಿನವರು ಏನು ಬಳೀತಾರೆ ಅಂತ ಬಾಯಿಬಿಟ್ಟು ಹೇಳುವವರು ಅಲ್ಲಿ ಯಾರಿದ್ದಾರೆ ಅಂತ ಧನಿಗಳು ಕೇಳಿದ್ರು."

ಶುಕೂರ್ ಡಬ್ಬಿಯ ಮುಚ್ಚಳ ತೆಗೆದು ಮೂಸಿ ಮುಖ ಸಿಂಡರಿಸಿದ. "ಇದರಲ್ಲಿ ತುಕ್ಕು ನಿಲ್ತದಾ ಮಾರಾಯ? ಒಂದು ಮಳೆಗೆ ಎಲ್ಲ ಬೋಲ್ಟೂ ಕಚ್ಚಿಕೊಳ್ತದೆ."

"ಕಚ್ಚಿದರೆ ಬಿಡಿಸ್ಲಿಕ್ಕೆ ನೀವು ಇರ್ತೀರಲ್ಲ?" ಎಂದು ಒಳಗಿನಿಂದ ಸಾಲಿಹಾ ಕೇಳಿದಳು.

ಶುಕೂರ್ ಅಂಗಳದಲ್ಲಿ ಒಂದು ಸುತ್ತು ಬಂದ, ಇನ್ನೊಂದು ಸುತ್ತು ಬಂದ. ಆಮೇಲೆ ಶೇಖರನ ಕಡೆ ತಿರುಗಿ, "ಎಂಥ ನೋಡ್ತಾ ನಿಂತದ್ದು? ಬಸ್ಸು ರಿಪೇರಿ ಹೊಂಡದ ಮೇಲೆ ತಂದು ನಿಲ್ಲಿಸು," ಎಂದು ಗದರಿದ.