ಸಾಯಲೊಪ್ಪದ ಚಕ್ರವರ್ತಿ

ಗುತ್ತಿಗಾರಿನ ಮರದ ವ್ಯಾಪಾರಿ ಹೈದರ್ ಬ್ಯಾರಿಗೆ ದೇವರು ಧಾರಾಳವಾಗಿ ಕೊಟ್ಟದ್ದು ಹೊಟ್ಟೆ ಮತ್ತು ಗಂಟಲು. ಅವರು ಡಿಪೋದಲ್ಲಿ ಆಳುಗಳಿಗೆ ಬೈದರೆ ದಾರಿಯಲ್ಲಿ ಬಸ್ಸಿಗೆ ಕಾಯುವವರೂ ಎದ್ದು ನಿಲ್ಲುತ್ತಿದ್ದರು. ಹಾಗಾಗಿ ೧೯೬೧ರಲ್ಲಿ ಶಾಲೆಯ ವಾರ್ಷಿಕೋತ್ಸವಕ್ಕೆ ತ್ಯಾಂಪಣ್ಣ ಮಾಷ್ಟ್ರು ರೋಮಿನ ನಾಟಕ ಬರೆದಾಗ ಚಕ್ರವರ್ತಿಯ ಪಾತ್ರಕ್ಕೆ ಬೇರೆ ಯಾರನ್ನೂ ಯೋಚಿಸಲಿಲ್ಲ.

"ಪರ್ಟಿನಾಕ್ಸ್ ಅಂತ ಹೆಸರು. ಬಿಡುಗಡೆಯಾದ ಗುಲಾಮನ ಮಗ. ಅಪ್ಪನಿಗೆ ಮರದ ವ್ಯಾಪಾರ ಇತ್ತಂತೆ," ಎಂದರು ಮಾಷ್ಟ್ರು.

"ಹಾಗಾದ್ರೆ ನಮ್ಮವನೇ. ಮತ್ತೆಂತ ಮಾಡಿದ?"

"ಮೊದಲು ನನ್ನ ಹಾಗೆ ಮಾಷ್ಟ್ರು. ಹೊಟ್ಟೆ ತುಂಬದೆ ಸೈನ್ಯ ಸೇರಿದ. ಮುದುಕ ಆದ ಮೇಲೆ, ಹಳೆ ಚಕ್ರವರ್ತಿಯನ್ನು ಕೊಂದವರು ಇವನನ್ನು ಪಟ್ಟದಲ್ಲಿ ಕೂರಿಸಿದ್ರು. ಅರಮನೆಯ ಕಾವಲಿನವರಿಗೆ ಶಿಸ್ತು ಕಲಿಸ್ಲಿಕ್ಕೆ ಹೋದ. ಮೂರು ತಿಂಗಳು ತುಂಬುವ ಮೊದಲೇ ಅವರು ನುಗ್ಗಿ ಬಂದ್ರು. ಓಡಬಹುದಿತ್ತು, ಎದುರು ನಿಂತು ಮಾತಾಡಿದ. ಕೊಂದು ಹಾಕಿದ್ರು."

"ಪಾಪ, ಒಳ್ಳೆ ಮನುಷ್ಯ," ಎಂದು ಹೈದರ್ ಒಪ್ಪಿದರು.

ಕಾವಲಿನ ಸೈನಿಕರಾಗಲು ಡಿಪೋದಲ್ಲಿ ಮರ ಹೊರುವ ಕುಕ್ಕಪ್ಪ ಮತ್ತು ಸಂಗಡಿಗರು ಕೇಳುವ ಮೊದಲೇ ತಯಾರಾದರು. ಸಾವ್ಕಾರರನ್ನು ಇರಿಯುವ ಭಾಗ್ಯ ದಿನಾ ಸಿಗುವುದಿಲ್ಲ. ತಿಂಗಳಿಡೀ ಬಿದಿರಿನ ಈಟಿ ಹಿಡಿದು ಅಭ್ಯಾಸ ಮಾಡಿದರು.

ನಾಟಕದ ದಿನ ಹೆಂಡತಿ ನಫೀಸಮ್ಮನ ಕೆಂಪು ಹೊದಿಕೆ ಹೊದ್ದು ಹೈದರ್ ಸಿಂಹಾಸನದಿಂದ ಎದ್ದರು. ಸೈನಿಕರು ನುಗ್ಗಿದರು. 'ವೀರರೇ, ನಾನು ನಿಮ್ಮ ತಂದೆಯ ಸಮಾನ' ಎನ್ನಬೇಕಿತ್ತು. ಅಷ್ಟರಲ್ಲಿ ಮೂಗಿಗೆ ಕಳ್ಳಿನ ವಾಸನೆ ಬಡಿಯಿತು.

"ಕುಕ್ಕಪ್ಪ, ಕುಡಿದು ಬಂದದ್ದಾ? ನಿನ್ನೆ ಲಾರಿಗೆ ಅರ್ಧ ಮರ ಹಾಕಿ ಎಲ್ಲಿಗೆ ಹೋದದ್ದು ನೀನು?"

ಡಿಪೋದ ಸ್ವರ ಕೇಳಿದ್ದೇ ಈಟಿಗಳು ಕೆಳಗಾದವು. ಸೈನ್ಯ ತಲೆತಗ್ಗಿಸಿ ಹೊರಟಿತು. ಒಬ್ಬನಂತೂ ರೂಢಿಬಲದಿಂದ ಸಿಂಹಾಸನವನ್ನೇ ಹೆಗಲಿಗೇರಿಸಿಕೊಂಡು ಹೋದ.

ಪರದೆಯ ಸಂದಿನಿಂದ ಮಾಷ್ಟ್ರು ಪಿಸುಗುಟ್ಟಿದರು: "ಬ್ಯಾರಿಗಳೆ, ಸಾಯಿರಿ ಮಾರಾಯ್ರೆ."

"ಇವರ ಕೈಯಿಂದಲಾ? ಆಗುದಿಲ್ಲ."

ರೋಮಿನ ಚರಿತ್ರೆ ತಿದ್ದಿಹೋಯಿತು. ಪರದೆ ಬಿತ್ತು.

ಮರುದಿನ ಡಿಪೋಗೆ ಒಬ್ಬನೂ ಬರಲಿಲ್ಲ. ಮಧ್ಯಾಹ್ನದವರೆಗೆ ಕಾದು, ಹೈದರ್ ಒಬ್ಬರೇ ಕುಕ್ಕಪ್ಪನ ಮನೆಗೆ ನಡೆದರು. ಎಲ್ಲರೂ ಅಲ್ಲೇ ಕೂತಿದ್ದರು. ಈಟಿಗಳೂ ಜಗಲಿಯಲ್ಲೇ ಇದ್ದವು. ಹೈದರ್ ಅಂಗಳದಲ್ಲೇ ನಿಂತರು.

"ಬೈದದ್ದಕ್ಕಾ?" ಎಂದು ಮೆಲ್ಲಗೆ ಕೇಳಿದರು.

"ಬೈಯುದು ದಿನಾ ಉಂಟಲ್ಲ," ಎಂದ ಕುಕ್ಕಪ್ಪ. "ಹೆಂಡತಿ ಮಕ್ಕಳು ನೋಡ್ಲಿಕ್ಕೆ ಬಂದಿದ್ರು ಬ್ಯಾರಿಗಳೆ. ಒಂದು ತಿಂಗಳು ಕಲಿತದ್ದು ನಾವು. ಒಂದು ಸಲ ಸತ್ತಿದ್ರೆ ನಿಮಗೆ ಎಂತ ಹೋಗ್ತಿತ್ತು?"

ಹೈದರ್ ಜಗಲಿಯ ಅಂಚಿನಲ್ಲಿ ಕೂತು ಒಂದು ವೀಳ್ಯದೆಲೆ ಬಾಯಿಗೆ ಹಾಕಿಕೊಂಡರು.

"ಶನಿವಾರ ಸಾಯ್ತೇನೆ," ಎಂದರು.

ಶನಿವಾರ ಮತ್ತೆ ನಾಟಕ ನೋಡಲು ಊರಿಗೆ ಊರೇ ಬಂತು. ಸೈನಿಕರು ಮನಸ್ಸಿಟ್ಟು ಇರಿದರು. ಹೈದರ್ ರಂಗಸ್ಥಳವಿಡೀ ತೂರಾಡಿ, ಮಾಷ್ಟ್ರು ಬರೆಯದ ಮಾತುಗಳನ್ನೆಲ್ಲ ಆಡಿ, ಹಲಗೆ ಮುರಿಯುವಂತೆ ಬಿದ್ದರು. ಕುಕ್ಕಪ್ಪನ ಹೆಂಡತಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಇನ್ನೊಮ್ಮೆ, ಇನ್ನೊಮ್ಮೆ ಎಂದು ಜನ ಕೂಗಿದಾಗ ಹೈದರ್ ಎದ್ದು ಮತ್ತೊಮ್ಮೆ ಸತ್ತರು. ಎರಡನೆಯ ಸಾವು ಇನ್ನೂ ಚೆನ್ನಾಗಿತ್ತೆಂದು ಊರಿನ ಅಭಿಪ್ರಾಯ.

ಸೋಮವಾರ ಆಳುಗಳು ಹೊತ್ತಿಗೆ ಮೊದಲೇ ಬಂದರು. ಸ್ವಲ್ಪ ಹೊತ್ತಿನಲ್ಲೇ ಬೈಗುಳವೂ ಶುರುವಾಯಿತು.